ಸ್ವಂತ ಅನುಭವ

ಕರಪತ್ರದಲ್ಲಿದ್ದ ‘ಸ್ವಲ್ಪ’ ಎಂಬ ಪದವನ್ನು ಹಾಕಿದವಳು ಅವಳೇ. ಮೊದಲ ಕರಡಿನಲ್ಲಿ ‘ಮಗುವಿಗೆ ನೋವಾಗುತ್ತದೆ’ ಎಂದಿತ್ತು. ಹೀಗೆ ಬರೆದರೆ ಯಾವ ತಾಯಿಯೂ ಮುಂದಿನ ಸಾಲಿಗೆ ಬರುವುದಿಲ್ಲ ಎಂದು ಸಮಿತಿಯಲ್ಲಿ ಒಬ್ಬರು ಹೇಳಿದರು, ನೋವಿನ ಮಾತನ್ನೇ ಬಿಟ್ಟರೆ ಮೋಸವಾಗುತ್ತದೆ ಎಂದು ಇನ್ನೊಬ್ಬರು ಹೇಳಿದರು, ನಿರ್ದೇಶಕರು ಕನ್ನಡಕ ಒರೆಸುತ್ತ ಅವಳ ಕಡೆ ತಿರುಗಿ ನೀವೇ ಏನಾದರೂ ದಾರಿ ಮಾಡಿ ಎಂದರು. ‘ಮಗುವಿಗೆ ಸ್ವಲ್ಪ ನೋವಾಗಬಹುದು.’ ಒಂದು ಪದ ಸೇರಿಸಿ ಒಂದು ಕ್ರಿಯಾಪದವನ್ನು ಮೆತ್ತಗೆ ಮಾಡಿದ್ದಕ್ಕೆ ಎಲ್ಲರೂ ತಲೆಯಾಡಿಸಿದ್ದರು. ಆಗ ಅವಳಿಗೆ ಏಳನೇ ತಿಂಗಳು. ಗಂಡ ಬದುಕಿದ್ದ. ಈಗ ಬಾಣಂತಿಯರ ವಾರ್ಡಿನಲ್ಲಿ ನಿಂತು ಅದೇ ಸಾಲನ್ನು ಗಟ್ಟಿಯಾಗಿ ಓದುವಾಗ, ಆ ಪದದ ಹತ್ತಿರ ಅವಳ ದನಿ ತಾನಾಗಿಯೇ ತಗ್ಗಿತು. ಬಾಗಿಲ ಬಳಿ ನಿಂತಿದ್ದ ಸಿಸ್ಟರ್ ಅದನ್ನು ದಣಿವು ಎಂದುಕೊಂಡು ಸ್ಟೂಲನ್ನು ಅವಳ ಕಡೆ ತಳ್ಳಿದಳು. ಅವಳು ಕೂರಲಿಲ್ಲ. ಕೂತರೆ ಏಳುವುದು ಕಷ್ಟ ಎಂದು ಈಚೆಗೆ ಅವಳಿಗೆ ಎಲ್ಲ ಕುರ್ಚಿಗಳ ಬಗ್ಗೆಯೂ ಅನ್ನಿಸುತ್ತಿತ್ತು.

ಆರೋಗ್ಯ ಇಲಾಖೆಯ ಕರಪತ್ರಗಳು ಅಚ್ಚಿಗೆ ಹೋಗುವ ಮೊದಲು ಹೀಗೆ ಓದಿ ಕೇಳಿಸುವುದು, ಕೇಳಿದವರಿಂದ ಅದನ್ನೇ ಅವರ ಮಾತಿನಲ್ಲಿ ವಾಪಸ್ಸು ಹೇಳಿಸುವುದು ಅವಳ ಕೆಲಸ. ವಾಪಸ್ಸು ಬಂದದ್ದು ಬೇರೆಯಾಗಿದ್ದರೆ ತಪ್ಪು ಬರೆದವರದ್ದು. ಇದು ನಿಮಗೆ ಪರೀಕ್ಷೆ ಅಲ್ಲ, ನಮಗೆ ಪರೀಕ್ಷೆ ಎಂದು ಪ್ರತಿ ಸಲವೂ ಮೊದಲಿಗೆ ಹೇಳುತ್ತಾಳೆ. ಯಾರೂ ನಂಬುವುದಿಲ್ಲ. ಹೆತ್ತು ಇನ್ನೂ ನೆಟ್ಟಗೆ ಕೂರಲಾರದ ಹೆಂಗಸರು ಕೂಡ ಸೆರಗು ಸರಿಮಾಡಿಕೊಂಡು, ಪಾಠ ಒಪ್ಪಿಸುವ ಹುಡುಗಿಯರಂತೆ ಅವಳ ಮುಖ ನೋಡುತ್ತಾರೆ. ಇವತ್ತು ಮೊದಲ ಮಂಚದವಳು, ಸರ್ಕಾರ ಎಲ್ಲರೂ ಮಾಡಿಸಿ ಅಂತ ಹೇಳ್ತಿದೆ ಎಂದಳು. ಎರಡನೆಯವಳು, ಮಾಡಿಸದೆ ಇದ್ದರೆ ಮಗುವಿಗೆ ರೋಗ ಬರುತ್ತೆ ಎಂದಳು. ಕರಪತ್ರದಲ್ಲಿ ಎರಡೂ ಇರಲಿಲ್ಲ. ಹುಟ್ಟಿದ ಗಂಡುಮಕ್ಕಳಿಗೆ ಎರಡು ತಿಂಗಳೊಳಗೆ, ತಂದೆ ತಾಯಿ ಬಯಸಿದರೆ, ಮುಂದೊಗಲು ತೆಗೆಯುವ ಸಣ್ಣ ಶಸ್ತ್ರಚಿಕಿತ್ಸೆಯನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಮಾಡಲಾಗುವುದು, ಇದರಿಂದ ಕೆಲವು ಸೋಂಕುಗಳ ಸಾಧ್ಯತೆ ಕಡಿಮೆಯಾಗುತ್ತದೆ, ಅಪರೂಪಕ್ಕೆ ರಕ್ತಸ್ರಾವ ಅಥವಾ ನಂಜು ಆಗಬಹುದು, ನಿರ್ಧಾರ ನಿಮ್ಮದು. ಇಷ್ಟೇ ಇದ್ದದ್ದು. ಸುನ್ನತಿ ಎಂಬ ಪದವನ್ನು ಮಾತ್ರ ಸಮಿತಿ ಬೇಕೆಂದೇ ಬಿಟ್ಟಿತ್ತು, ಅದು ಒಂದು ಧರ್ಮದವರದ್ದು ಅನ್ನಿಸುತ್ತದೆ ಎಂದು. ಈ ಒಂದು ಆಸ್ಪತ್ರೆಯಲ್ಲಿ ಪ್ರಯೋಗಕ್ಕೆಂದು ಶುರುವಾಗಿದ್ದನ್ನು ಎಲ್ಲ ಆಸ್ಪತ್ರೆಗಳಿಗೂ ಹರಡಬೇಕೆ ಬೇಡವೆ ಎಂದು ಇವತ್ತು ಮಧ್ಯಾಹ್ನದ ಸಭೆ ತೀರ್ಮಾನಿಸಬೇಕಾಗಿತ್ತು.

ಕಿಟಕಿ ಪಕ್ಕದ ಮಂಚದವಳು ಬಸ್ ಕಂಡಕ್ಟರ್. ಇಡೀ ವಾರ್ಡು ಅವಳನ್ನು ಕಂಡಕ್ಟರ್ ಎಂದೇ ಕರೆಯುತ್ತಿತ್ತು. ಓದಿ ಮುಗಿಯುವವರೆಗೂ ಅವಳು ಕರಪತ್ರದ ಕಡೆ ನೋಡಲೇ ಇಲ್ಲ, ಓದುತ್ತಿದ್ದವಳ ಎದೆಯ ಕಡೆ ನೋಡುತ್ತಿದ್ದಳು. ಆಗಲೇ ಇವಳಿಗೆ ಗೊತ್ತಾದದ್ದು, ರವಿಕೆ ಒದ್ದೆಯಾಗಿದೆ ಎಂದು. ವಾರ್ಡಿನ ಯಾವುದೋ ಮೂಲೆಯಲ್ಲಿ ಕೂಸೊಂದು ಅತ್ತಾಗ ಹಾಲು ಇಳಿದಿತ್ತು. ಮನೆಯಲ್ಲಿ ತನ್ನ ಮಗು ಅತ್ತಾಗ ಎಷ್ಟೋ ಸಲ ಹೀಗಾಗುವುದಿಲ್ಲ. ಯಾರದೋ ಮಗು ಅತ್ತರೆ ಆಗುತ್ತದೆ. ಕಡತವನ್ನು ಎದೆಗೆ ಒತ್ತಿ ಹಿಡಿದಳು. ಕಂಡಕ್ಟರ್ ನಕ್ಕು, ಮುಚ್ಕೋಬೇಡಿ ಬಿಡಿ, ಇಲ್ಲಿರೋರದ್ದೆಲ್ಲ ಅದೇ ಪಾಡು ಎಂದಳು. ಮನೇಲಿ ಸಣ್ಣದಿದೆಯಾ, ಎಷ್ಟು ತಿಂಗಳು, ಗಂಡಾ ಹೆಣ್ಣಾ ಎಂದು ಟಿಕೆಟ್ ಹರಿಯುವ ವೇಗದಲ್ಲಿ ಕೇಳಿದಳು. ಒಂದೂವರೆ ತಿಂಗಳು, ಗಂಡು ಎಂದು ಇವಳು ಹೇಳಿದಳು. ಒಂದೂವರೆ ತಿಂಗಳಿಗೇ ಕೆಲಸಕ್ಕೆ ಬಂದ್ರಾ ಎಂದು ಪಕ್ಕದ ಮಂಚದವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

“ನೀವು ಓದಿದ್ದೆಲ್ಲ ಚೆನ್ನಾಗಿದೆ ಮೇಡಂ,” ಎಂದಳು ಕಂಡಕ್ಟರ್. “ನಿಮ್ಮ ಮಗನಿಗೆ ಮಾಡಿಸಿದ್ದೀರಾ? ಅದನ್ನ ಹೇಳಿ.”

“ಹೂಂ,” ಎಂದಳು.

ಈ ಕೆಲವು ತಿಂಗಳುಗಳನ್ನು ಅವಳು ಆ ಒಂದು ಸದ್ದಿನಲ್ಲೇ ದಾಟಿ ಬಂದಿದ್ದಳು. ಊಟ ಆಯಿತಾ, ಹೂಂ. ನಿದ್ದೆ ಬರುತ್ತಾ, ಹೂಂ. ಪರವಾಗಿಲ್ವಾ ಈಗ, ಹೂಂ. ಅದಕ್ಕೆ ಅರ್ಥ ಇರಲಿಲ್ಲ, ಎದುರಿಗಿದ್ದವರನ್ನು ಮುಂದಕ್ಕೆ ಕಳಿಸಲು ಅಷ್ಟು ಸಾಕಾಗುತ್ತಿತ್ತು. ಇಲ್ಲ ಎಂದಿದ್ದರೆ ಯಾಕೆ ಎಂಬ ಪ್ರಶ್ನೆ ಬರುತ್ತಿತ್ತು. ಇನ್ನೂ ತೀರ್ಮಾನ ಮಾಡಿಲ್ಲ ಎಂದರೆ, ನಿಮ್ಮವರು ಏನಂತಾರೆ ಎಂಬುದು ಬರುತ್ತಿತ್ತು. ಅಲ್ಲಿಂದ ಮುಂದೆ ಅವಳು ಆ ಮಾತು ಹೇಳಬೇಕು, ಹೇಳಿದ ಕೂಡಲೇ ಎದುರಿನ ಮುಖ ಕರಗಿ ಇನ್ನೊಂದು ಮುಖವಾಗುವುದನ್ನು ನೋಡುತ್ತ ನಿಲ್ಲಬೇಕು. ಅದೊಂದು ಬೇಡವಾಗಿತ್ತು. ಆದರೆ ಕಂಡಕ್ಟರ್ ಮುಂದಕ್ಕೆ ಹೋಗುವವಳಲ್ಲ. ತುಂಬ ಅತ್ತನಾ ಎಂದು ಕೇಳಿದಳು. ಸ್ವಲ್ಪ ಎಂದು ಇವಳ ಬಾಯಿಂದ ಬಂತು. ಆಮೇಲೆ ಏನೂ ತೊಂದರೆ ಆಗಲಿಲ್ವಾ. ಇಲ್ಲ. ನಮ್ಮೋರು ನಿಂಗೆ ಹೇಗೆ ತೋಚುತ್ತೋ ಹಾಗೆ ಮಾಡು ಅಂತ ಡ್ಯೂಟಿಗೆ ಹೋಗಿಬಿಟ್ರು, ನಿಮ್ಮೆಜಮಾನ್ರು ಏನಂದ್ರು ಎಂದು ಕೇಳಿದಳು.

“ಅವರೂ ಒಪ್ಪಿದ್ರು.”

ಇದನ್ನು ಹೇಳಿದ ದನಿ ಎಷ್ಟು ಸಲೀಸಾಗಿತ್ತೆಂದರೆ, ಸಾಯಂಕಾಲ ಮನೆಗೆ ಹೋದರೆ ಒಪ್ಪಿದವನು ಅಲ್ಲಿ ಕೂತಿರುತ್ತಾನೆ ಎಂದು ಅವಳಿಗೇ ಒಂದು ಗಳಿಗೆ ಅನ್ನಿಸಿತು. ಕಂಡಕ್ಟರ್ ಪಕ್ಕದಲ್ಲಿ ಮಲಗಿದ್ದ ಕೂಸಿನ ಹಣೆಯನ್ನು ಬೆರಳಿನಿಂದ ಮುಟ್ಟಿ, ಸರಿ ಹಾಗಾದ್ರೆ, ಓದಿ ಬರೆಯೋರೇ ಮಾಡ್ಸಿದ್ದಾರೆ ಅಂದ ಮೇಲೆ ನಂದೇನು, ಇವತ್ತು ಸರ್ಜನ್ ಬರ್ತಾರಂತೆ, ಬರೆದುಕೊಳ್ಳಿ ಸಿಸ್ಟರ್ ಎಂದಳು. ಸಿಸ್ಟರ್‌ಗೆ ಖುಷಿಯಾಯಿತು. ಈಯಮ್ಮ ಬೆಳಗಿನಿಂದ ನನ್ನ ತಲೆ ತಿಂದಿದ್ದಾಳೆ ಮೇಡಂ, ಒಂದೇ ಮಾತಿಗೆ ಒಪ್ಪಿಸಿದ್ರಲ್ಲ ಎಂದು ಅವಳ ಜೊತೆ ಬಾಗಿಲವರೆಗೂ ಬಂದಳು. ಓಣಿಯ ಕೊನೆಯ ಕೈ ತೊಳೆಯುವ ಬೇಸಿನ್ನಿನ ಹತ್ತಿರ ಅವಳು ಕರವಸ್ತ್ರ ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು. ಕನ್ನಡಿಯಲ್ಲಿ ಕಂಡ ಮುಖ ಕೆಂಪಾಗಿರಲಿಲ್ಲ. ನಾಚಿಕೆ ಮುಖಕ್ಕೆ ಬರಲು ಕೂಡ ಒಳಗೆ ಏನೋ ಸರಿಯಾಗಿ ಕೆಲಸ ಮಾಡುತ್ತಿರಬೇಕು. ವಾಪಸ್ಸು ಹೋಗಿ ಹೇಳಿಬಿಡಬಹುದಾಗಿತ್ತು, ಇಪ್ಪತ್ತು ಹೆಜ್ಜೆಯೂ ಇರಲಿಲ್ಲ. ಸಭೆಗೆ ಹೊತ್ತಾಗುತ್ತಿದೆ ಎಂದುಕೊಂಡು ಮೆಟ್ಟಿಲಿಳಿದಳು. ಹೊತ್ತಾಗಿರಲಿಲ್ಲ.

ಸಭೆಯ ಕೋಣೆಯಲ್ಲಿ ಉದ್ದ ಮೇಜು, ಗೋಡೆಯ ಮೇಲೆ ಬೆಳಕಿನಲ್ಲಿ ಮೂಡಿದ ರೇಖಾಚಿತ್ರ. ಅಂಗದ ಒಂದೊಂದು ಭಾಗಕ್ಕೂ ಬಾಣದ ಗುರುತು. ಈ ಚಿತ್ರಗಳನ್ನು ಅವಳು ಒಮ್ಮೆ ಮನೆಗೂ ತೆಗೆದುಕೊಂಡು ಹೋಗಿದ್ದಳು, ರಾತ್ರಿ ಊಟದ ಮೇಜಿನ ಮೇಲೆ ಹರಡಿಕೊಂಡು ಯಾವುದನ್ನು ಹಾಕುವುದು ಯಾವುದನ್ನು ಬಿಡುವುದು ಎಂದು ನೋಡುತ್ತಿದ್ದಾಗ ಗಂಡ ನೀರು ಕುಡಿಯಲು ಬಂದು ಹಿಂದೆ ನಿಂತ. ಇದಕ್ಕೂ ಒಂದು ಇಲಾಖೆ ಇದೆಯಾ ಎಂದು ನಕ್ಕ. ಲೋಟ ಹಿಡಿದು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ. ಆಗ ಕೇಳಬಹುದಾಗಿತ್ತು. ಅವಳು ಕಾಗದಗಳನ್ನು ಒಟ್ಟು ಮಾಡಿ ಮಗುಚಿ ಹಾಕಿದಳು, ಏನೋ ಕದ್ದು ನೋಡುತ್ತಿದ್ದವಳ ಹಾಗೆ. ಮದುವೆಯಾಗಿ ಮೂರು ವರ್ಷ; ದೀಪ ಆರಿಸದೆ ಅವನು ಎಂದೂ ಹತ್ತಿರ ಬಂದಿರಲಿಲ್ಲ, ಹೊತ್ತಿಸು ಎಂದು ಅವಳು ಎಂದೂ ಹೇಳಿರಲಿಲ್ಲ. ಆ ಕತ್ತಲೆ ಇಬ್ಬರಿಗೂ ಮರ್ಯಾದೆ ಎನ್ನಿಸಿತ್ತು. ಮಗನನ್ನು ಹೆತ್ತ ಮೇಲೆ ಒಂದು ದಿನ ಅವನ ಬಟ್ಟೆ ಬದಲಿಸುತ್ತಿದ್ದಾಗ ಹೊಳೆಯಿತು, ಈ ಮಗುವಿನ ಅಪ್ಪ ಮಾಡಿಸಿಕೊಂಡವನಾಗಿದ್ದನೋ ಇಲ್ಲವೋ ತನಗೆ ಗೊತ್ತಿಲ್ಲ ಎಂದು. ಇಡೀ ರಾಜ್ಯದ ತಾಯಂದಿರಿಗೆ ತಿಳಿವಳಿಕೆ ಬರೆದುಕೊಡುವವಳಿಗೆ ಗೊತ್ತಿಲ್ಲ. ಗಂಡ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಮೈ ಒರೆಸಲು ಬಂದ ನರ್ಸು ನೀವು ಈ ಕಡೆ ಹಿಡ್ಕೊಳ್ಳಿ ಎಂದಿದ್ದಳು. ಅವಳು ಕೈ ಚಾಚಿದವಳು ಹೊದಿಕೆ ಸರಿದ ಕೂಡಲೇ ಕಿಟಕಿಯ ಕಡೆ ತಿರುಗಿದಳು. ಅವನು ಅದನ್ನು ನೋಡಿದ. ನೀನು ಹೋಗಿ ಕಾಫಿ ಕುಡಿದು ಬಾ, ಇವರು ನೋಡ್ಕೋತಾರೆ ಎಂದ. ಅವಳು ಹೋದಳು. ಕಾಫಿ ಕುಡಿದಳು ಕೂಡ.

ಯಾರೋ ಅವಳನ್ನು ಕರೆಯುತ್ತಿದ್ದರು. ಗೋಡೆಯ ಚಿತ್ರ ಹೋಗಿ ಅಂಕಿಗಳು ಬಂದಿದ್ದವು. ಅಂಕಿಅಂಶ ವಿಭಾಗದವನು, ಹತ್ತು ಮಾತಿಗೊಂದು ತಮಾಷೆ ಮಾಡದೆ ಇರಲಾರದವನು, ಖರ್ಚು ಇಷ್ಟು, ತಪ್ಪುವ ಸೋಂಕು ಇಷ್ಟು ಎಂದು ಓದಿ ಮುಗಿಸಿದ್ದ. ಮೇಜಿನ ಆ ತುದಿಯಲ್ಲಿ ಮಕ್ಕಳ ಡಾಕ್ಟರು ಕೂತಿದ್ದರು. ನಿವೃತ್ತರಾದವರು, ಸಮಿತಿಯಲ್ಲಿ ಮೊದಲಿನಿಂದಲೂ ಇದಕ್ಕೆ ಒಪ್ಪದೆ ಉಳಿದವರು ಅವರೊಬ್ಬರೇ. ಲಾಭ ಇಲ್ಲ ಅಂತ ನಾನು ಹೇಳ್ತಿಲ್ಲ, ಆದರೆ ಆರೋಗ್ಯವಾಗಿರೋ ಮಗುವಿನ ಮೈಗೆ ಕತ್ತರಿ ಇಡೋಕೆ ನನಗೆ ಇನ್ನೂ ದೊಡ್ಡ ಕಾರಣ ಬೇಕು, ಅವನು ದೊಡ್ಡವನಾಗಲಿ, ಅವನೇ ಹೇಳಲಿ ಎಂದರು, ಪ್ರತಿ ಸಭೆಯಲ್ಲೂ ಹೇಳುತ್ತಿದ್ದುದನ್ನೇ. ದೊಡ್ಡವರಾದ ಮೇಲೆ ಯಾರು ಸಾರ್ ಹೂಂ ಅಂತಾರೆ, ಬೇಕಾದ್ರೆ ಈಗ ನನ್ನ ಕೇಳಿ ನೋಡಿ ಎಂದ ಅಂಕಿಅಂಶದವನು. ಮೇಜು ನಕ್ಕಿತು. ಮತ್ತೆ ಒಬ್ಬೊಬ್ಬರಾಗಿ ಅವಳ ಕಡೆ ನೋಡಿ ನಗುವನ್ನು ನಿಲ್ಲಿಸಿದರು. ಕೋಣೆಗೆ ಅವಳು ತಂದ ಸಾವು ಎಲ್ಲರ ಮುಂದೆ ಮೇಜಿನ ಮೇಲೆ ಕೂತಿರುತ್ತಿತ್ತು. ಅದರ ಎದುರು ನಗುವುದು ಹೇಗೆ ಎಂದು ಅವರಿಗೆ ತಿಳಿಯುತ್ತಿರಲಿಲ್ಲ. ನಗಿ, ನನಗೇನೂ ಆಗುವುದಿಲ್ಲ ಎಂದು ಹೇಳಬೇಕೆನಿಸುತ್ತಿತ್ತು. ಹೇಳಿದರೆ ಅದು ಇನ್ನೂ ಕೆಟ್ಟದಾಗಿ ಕೇಳಿಸುತ್ತಿತ್ತು.

ಅಷ್ಟರಲ್ಲಿ ನಿರ್ದೇಶಕರು, ಇವತ್ತು ವಾರ್ಡಿನಲ್ಲಿ ನಡೆದದ್ದು ನಿಮಗೆಲ್ಲ ಗೊತ್ತಾ ಎಂದು ಶುರುಮಾಡಿದರು. ಸಿಸ್ಟರ್ ಫೋನು ಮಾಡಿದ್ದಳಂತೆ. ಹಟ ಹಿಡಿದಿದ್ದ ಒಬ್ಬ ತಾಯಿ, ಕರಪತ್ರ ಕೇಳಿದ ಮೇಲೂ ಜಗ್ಗದವಳು, ಇವರು ತಮ್ಮ ಮಗನಿಗೂ ಮಾಡಿಸಿರುವುದಾಗಿ ಹೇಳಿದ ಕೂಡಲೇ ಒಪ್ಪಿದಳಂತೆ. ಅವರು ಮಾತಾಡುತ್ತ ಹೋದ ಹಾಗೆ ಅವಳಿಗೆ ತನ್ನ ಸುಳ್ಳು ಬೇರೆಯವರ ಬಾಯಲ್ಲಿ ಎಷ್ಟು ಚೆನ್ನಾಗಿ ಇಸ್ತ್ರಿಯಾಗಿ ಬರುತ್ತಿದೆ ಎಂದು ಆಶ್ಚರ್ಯವಾಯಿತು. ಇದನ್ನ ನಾವು ಕಾರ್ಯಕ್ರಮದ ಭಾಗ ಮಾಡಬೇಕು, ವಾರ್ಡಿನ ಸಿಬ್ಬಂದಿ ತಮ್ಮ ಸ್ವಂತ ಅನುಭವವನ್ನು ತಾಯಂದಿರ ಜೊತೆ ಹಂಚಿಕೊಳ್ಳಬೇಕು ಅಂತ ಒಂದು ಸಾಲು ಸೇರಿಸಿ ಎಂದು ನಿರ್ದೇಶಕರು ಅವಳಿಗೇ ಹೇಳಿದರು. ಅವಳ ಪೆನ್ನು ಅದನ್ನು ಬರೆದುಕೊಂಡಿತು. ಸ್ವಂತ ಅನುಭವ. ಅಕ್ಷರ ದುಂಡಗೆ ಬಂತು. ತಲೆಯೆತ್ತಿದಾಗ ಮಕ್ಕಳ ಡಾಕ್ಟರು ಅವಳನ್ನೇ ನೋಡುತ್ತಿದ್ದರು. ಅವರ ನೋಟದಲ್ಲಿ ಅನುಮಾನ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

“ನಾನು ಕೊಟ್ಟ ಸಂಶೋಧನಾ ಪ್ರಬಂಧಗಳನ್ನೆಲ್ಲ ಪೂರ್ತಿ ಓದಿದವರು ಈ ಕೋಣೆಯಲ್ಲಿ ನೀವೊಬ್ಬರೇ ಅಮ್ಮ. ಎಲ್ಲ ಓದಿದ ಮೇಲೂ, ಇಂಥಾ ಹೊತ್ತಿನಲ್ಲಿ, ಮಾಡಿಸಿದ್ರಾ?”

ಪೆನ್ನಿನ ಮುಚ್ಚಳ ಕೆಳಗೆ ಬಿದ್ದಿತ್ತು. ಬಿದ್ದಿತೋ ಅವಳು ಬೀಳಿಸಿದಳೋ. ಅದನ್ನು ಎತ್ತಲು ಮೇಜಿನ ಕೆಳಗೆ ಬಗ್ಗಿದಳು. ಅಲ್ಲಿ ಎಲ್ಲರ ಕಾಲುಗಳಿದ್ದವು, ಒಬ್ಬರು ಚಪ್ಪಲಿ ಕಳಚಿ ಹೆಬ್ಬೆರಳಿನಿಂದ ಇನ್ನೊಂದು ಪಾದ ಕೆರೆದುಕೊಳ್ಳುತ್ತಿದ್ದರು. ಅಲ್ಲೇ ಇದ್ದುಬಿಡಬಹುದು ಅನ್ನಿಸಿತು. ಮೇಲೆ ಬಂದಾಗ ಡಾಕ್ಟರು ಆಗಲೇ ಮುಖ ಬೇರೆ ಕಡೆ ತಿರುಗಿಸಿದ್ದರು, ಕೇಳಬಾರದ್ದನ್ನು ಕೇಳಿದವರ ಹಾಗೆ. ತಪ್ಪು ತಿಳ್ಕೋಬೇಡಿ ಎಂದು ಮೆಲ್ಲಗೆ ಹೇಳಿದರು. ಆಮೇಲೆ ಎಲ್ಲರಿಗೂ ಕೇಳುವಂತೆ, ಗೊತ್ತಿದ್ದು ಒಬ್ಬ ತಾಯಿ ಆರಿಸಿಕೊಂಡರೆ ಅದಕ್ಕೆ ಅಡ್ಡ ನಿಲ್ಲೋಕೆ ನಾನ್ಯಾರು, ನನ್ನ ಆಕ್ಷೇಪ ಬಿಡ್ತೀನಿ ಎಂದರು. ನಿರ್ದೇಶಕರು ಎಲ್ಲ ಆಸ್ಪತ್ರೆಗಳಿಗೂ ಹರಡುವ ತೀರ್ಮಾನವನ್ನು ಓದಿದರು. ಅವಳು ಬಾಯಿ ತೆರೆದಳು ಎಂದು ಅವಳಿಗೆ ಆಮೇಲೂ ಅನ್ನಿಸುತ್ತಿತ್ತು, ತೆರೆದಿರಬಹುದು, ಏನೂ ಹೊರಗೆ ಬರಲಿಲ್ಲ. ಬಾಗಿಲಲ್ಲಿ ಡಾಕ್ಟರು ಅವಳಿಗೆ ದಾರಿ ಬಿಟ್ಟು ನಿಂತರು. ಗಾಯ ಮಾಗಿದೆಯಾ ಮಗೂದು ಎಂದು ಕೇಳಿದರು. ಹೂಂ ಎಂದಳು.

ಬೀದಿಗೆ ಬಂದ ಮೇಲೆ ಅವಳಿಗೆ ಬಂದ ಯೋಚನೆ ಎಷ್ಟು ಸರಳವಾಗಿತ್ತೆಂದರೆ ಅದು ಕೆಟ್ಟದ್ದು ಎಂದು ತಕ್ಷಣ ಗೊತ್ತಾಗಲಿಲ್ಲ. ಇವತ್ತು ಸರ್ಜನ್ ಇರುತ್ತಾರೆ. ಮಗುವಿಗೆ ಇನ್ನೂ ಎರಡು ತಿಂಗಳು ತುಂಬಿಲ್ಲ. ಈಗ ಮನೆಗೆ ಹೋಗಿ ಕರೆದುಕೊಂಡು ಬಂದರೆ ಸಂಜೆಯೊಳಗೆ ಮುಗಿಯುತ್ತದೆ. ಆಮೇಲೆ ಎಲ್ಲವೂ ನಿಜ. ಕಂಡಕ್ಟರ್‌ಗೆ ಹೇಳಿದ್ದು ನಿಜ, ಡಾಕ್ಟರಿಗೆ ಹೇಳಿದ್ದು ನಿಜ, ಬರೆದುಕೊಂಡ ಸಾಲು ನಿಜ, ಅರ್ಧ ದಿನದ ಹಿಂದುಮುಂದು ಅಷ್ಟೇ. ಬೇಗ ಬೇಗ ನಡೆದಳು. ಔಷಧದಂಗಡಿ, ಬೀಗದ ಕೈ ಮಾಡಿಕೊಡುವವನ ಪೆಟ್ಟಿಗೆ, ಸೈಕಲ್ ನಿಲ್ಲಿಸುವ ತಗಡಿನ ಚಪ್ಪರ. ಕರಪತ್ರದಲ್ಲಿದ್ದ ಲಾಭಗಳು ಒಂದೊಂದಾಗಿ ನೆನಪಿಗೆ ಬಂದವು, ಅವೂ ಸುಳ್ಳಲ್ಲ. ಮಾಡಿಸುವವರು ಎಷ್ಟೋ ಜನ ಪ್ರೀತಿಯಿಂದಲೇ, ಯೋಚಿಸಿಯೇ ಮಾಡಿಸುತ್ತಾರೆ. ಸಿಗ್ನಲ್ಲಿನ ಹತ್ತಿರ ನಿಂತಾಗ ಎದುರಿನ ಅಂಗಡಿಯ ಗಾಜಿನಲ್ಲಿ, ಎದೆಗೆ ಕಡತ ಒತ್ತಿಕೊಂಡು ಹೊರಟ ಹೆಂಗಸು ಕಂಡಳು. ಯಾವುದೋ ಕಚೇರಿಯ ತುರ್ತು ಕೆಲಸಕ್ಕೆ ಹೊರಟವಳಂತೆ ಇದ್ದಳು. ತಾನು ಒಪ್ಪಿಸಿದ ಲೆಕ್ಕ ಸರಿಹೋಗಲಿ ಎಂದು ಮಗನನ್ನು ಕತ್ತರಿಗೆ ಒಯ್ಯಲು ಹೊರಟವಳು ಎಂದು ಆಗ ಆ ಪ್ರತಿಬಿಂಬಕ್ಕೆ ಹೇಳಿದಳು. ಹಸಿರು ದೀಪ ಬಂತು. ದಾಟಿದಳು, ಮನೆಯ ಕಡೆಗೇ.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ನಿವೃತ್ತರಾದವರು. ಈಗಲೂ ಬಾಗಿಲು ತೆರೆದವರೇ ಒಂದು ಕಿವಿಯನ್ನು ಮುಂದಕ್ಕೆ ಮಾಡಿ ಹೇಳು ಎನ್ನುತ್ತಾರೆ, ಯಾರಿಗೆ ಸಂಪರ್ಕ ಬೇಕು ಎಂದು ಕೇಳುವ ಹಾಗೆ. ಈ ಹೊತ್ತಿನಲ್ಲಿ ಸೊಸೆಯನ್ನು ಕಂಡು ಅವರು ಗಡಿಯಾರ ನೋಡಿದರು. ಮಗು ಚಾಪೆಯ ಮೇಲೆ ಕಾಲು ಬಡಿಯುತ್ತಿತ್ತು. ಆಗಷ್ಟೇ ಸ್ನಾನ ಮಾಡಿಸಿ, ಮೈ ಆರಲಿ ಎಂದು ಬಟ್ಟೆ ಹಾಕದೆ ಬಿಟ್ಟಿದ್ದರು. ಬಿಸಿಲು ಅದರ ಹೊಟ್ಟೆಯ ಮೇಲೆ ಬಿದ್ದಿತ್ತು. ಅವಳು ಬಾಗಿಲಲ್ಲೇ ನಿಂತು, ಮಗುವಿಗೆ ಬಟ್ಟೆ ಹಾಕಿ ಅತ್ತೆ, ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು ಎಂದಳು. ಮೈ ಬಿಸಿ ಇಲ್ಲವಲ್ಲ ಎಂದರು ಅವರು. ಆ ಸಣ್ಣ ಆಪರೇಷನ್, ಇವತ್ತು ಸರ್ಜನ್ ಇರ್ತಾರೆ ಎಂದಳು. ಅತ್ತೆ ಕೆಳಗೆ ಕೂತು ಮಗುವಿನ ಕತ್ತಿನ ಮಡಿಕೆಯಲ್ಲಿ ಉಳಿದ ನೀರನ್ನು ಒರೆಸತೊಡಗಿದರು. ಆ ಮೌನದಲ್ಲಿ ಅವಳಿಗೆ ಏನಾದರೂ ಹೇಳಲೇಬೇಕಾಯಿತು, ಇವರು ಅಡ್ಡಿ ಹೇಳಲಾಗದಂಥದ್ದನ್ನು.

“ಇವನಪ್ಪನಿಗೂ ಮಾಡಿಸಿತ್ತಲ್ಲ. ಅವರ ಹಾಗೇ ಇರ್ಲಿ ಅಂತ.”

ಅತ್ತೆಯ ಕೈ ನಿಂತಿತು.

“ಯಾರಿಗೆ ಮಾಡಿಸಿತ್ತು?”

ಅವಳು ಕಡತವನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.

“ಅವನಿಗೆ ಎಲ್ಲಿ ಮಾಡಿಸಿದ್ವಿ,” ಎಂದರು ಅತ್ತೆ. ದನಿಯಲ್ಲಿ ಆಕ್ಷೇಪವಿರಲಿಲ್ಲ, ಯಾವುದೋ ತಪ್ಪು ಸಂಖ್ಯೆಯನ್ನು ತಿದ್ದಿದ ಹಾಗಿತ್ತು. ಆಮೇಲೆ ತಲೆಯೆತ್ತಿ ಅವಳ ಮುಖ ನೋಡಿದರು, ಅಷ್ಟೇ ಬೇಗ ಕೆಳಗಿಳಿಸಿದರು. ಆ ಒಂದು ನೋಟದಲ್ಲಿ ಮೂರು ವರ್ಷದ ಮದುವೆ ಪೂರ್ತಿ ಅವರಿಗೆ ಕಂಡುಹೋಯಿತು ಎಂದು ಅವಳಿಗೆ ಗೊತ್ತಾಯಿತು. ಕೋಣೆ, ಆರಿದ ದೀಪ, ಅತ್ತಿತ್ತ ತಿರುಗಿದ ಮುಖಗಳು. ಬೆಳಗ್ಗೆ ಕನ್ನಡಿಯಲ್ಲಿ ಬಾರದಿದ್ದ ಬಿಸಿ ಈಗ ಕಿವಿಯವರೆಗೂ ಏರಿತು. ಅವನು ಹೋದ ದಿನ ಮೈ ತೊಳೆಯುವವರು ಬಾಗಿಲ ಹೊರಗೆ ಬಂದು ಮನೆಯವರು ಯಾರಾದರೂ ಬರ್ತೀರಾ ಎಂದು ಕೇಳಿದ್ದರು. ಅವಳು ಬೆಂಚಿನಿಂದ ಏಳಲಿಲ್ಲ. ಹೊಟ್ಟೆ ಭಾರ ಎಂದು ಎಲ್ಲರೂ ಕಾರಣ ಹುಡುಕಿಕೊಟ್ಟರು. ಎದ್ದು ಒಳಗೆ ಹೋದವರು ಇವರೇ. ಹುಟ್ಟಿದಾಗ ತೊಳೆದವರೂ ಇವರು, ಕೊನೆಗೆ ತೊಳೆದವರೂ ಇವರು. ನಡುವಿನ ಮೂರು ವರ್ಷಕ್ಕೆ ತನ್ನನ್ನು ತಂದಿಟ್ಟರು, ತಾನು ನೋಡಿದ್ದು ಕಿಟಕಿ.

ಅತ್ತೆ ಮಗುವಿಗೆ ಅಂಗಿ ಹಾಕುತ್ತ, ಅದರ ಜೊತೆ ಮಾತಾಡುವವರ ಹಾಗೆ ಹೇಳತೊಡಗಿದರು. ಆಗ ಅವನು ಹುಟ್ಟಿದ ಆ ವಿದೇಶಿ ಡಾಕ್ಟರುಗಳ ಆಸ್ಪತ್ರೆಯಲ್ಲಿ ಗಂಡುಮಕ್ಕಳನ್ನೆಲ್ಲ ಬೆಳಗ್ಗೆ ಇದಕ್ಕೆಂದು ಸಾಲಾಗಿ ತಳ್ಳಿಕೊಂಡು ಹೋಗಿಬಿಡುತ್ತಿದ್ದರಂತೆ. ಅವನಿಗೆ ಕಾಮಾಲೆ ಇತ್ತು, ಅದಕ್ಕೆ ಬಿಟ್ಟರು, ಮತ್ತೇನೂ ಇಲ್ಲ. ಮಾಡ್ತೀವಿ ಅಂತಲೂ ಯಾರೂ ಕೇಳಲಿಲ್ಲ, ಬಿಟ್ಟಿದ್ದೀವಿ ಅಂತಲೂ ಹೇಳಲಿಲ್ಲ. ಪಕ್ಕದ ಮಂಚದವಳು ನಿನ್ನ ಮಗ ಬಚಾವ್ ಆದ ಅಂದಳು, ಅವಳ ತಾಯಿ ನಿನ್ನ ಮಗನಿಗೆ ಮಾತ್ರ ತಪ್ಪಿಹೋಯಿತಲ್ಲ ಅಂದಳು, ಯಾರ ಮಾತಿಗೆ ಅಳಬೇಕು ಅಂತ ನನಗೆ ತಿಳೀಲಿಲ್ಲ ಎಂದು ಅತ್ತೆ ಸಣ್ಣಗೆ ನಕ್ಕರು. ಈಗ ನಿಮ್ಮವರು ಕೇಳ್ತಾರಲ್ಲ, ಅದು ಒಳ್ಳೇದೇ ಎಂದರು. ಗುಂಡಿ ಹಾಕಿ ಮುಗಿಸಿ ಮಗುವನ್ನು ಎತ್ತಿ ಅವಳ ಕೈಗೆ ಕೊಟ್ಟರು.

“ಬೇಕು ಅನ್ಸಿದ್ರೆ ಮಾಡ್ಸಮ್ಮ, ನಾನೇನೂ ಬೇಡ ಅನ್ನಲ್ಲ. ಆದ್ರೆ ಅದಕ್ಕೆ ಅವನ ಹೆಸರು ಹೇಳ್ಬೇಡ.”

ಅವಳು ಗೋಡೆಗೊರಗಿ ಕೂತು ಹಾಲು ಕುಡಿಸಿದಳು. ಮಗು ಕಣ್ಣು ಬಿಟ್ಟುಕೊಂಡೇ ಕುಡಿಯಿತು. ಅತ್ತೆ ಒಳಗೆ ಪಾತ್ರೆ ಇಡುವ ಸದ್ದು ಬೇಕೆಂದೇ ಜೋರಾಗಿತ್ತು, ಇಲ್ಲಿ ಯಾರಿಗಾದರೂ ಅಳಬೇಕಾದರೆ ಅಳಲಿ ಎಂಬಂತೆ. ಅಳು ಬರಲಿಲ್ಲ. ಒಪ್ಪಿದ್ರು ಎಂದು ಬೆಳಗ್ಗೆ ಅಂದದ್ದು ಬಾಯೊಳಗೆ ಹಾಗೇ ಇತ್ತು. ಮಗು ನಿದ್ದೆ ಹೋದ ಮೇಲೆ ಅದನ್ನು ಅತ್ತೆಯ ಪಕ್ಕದಲ್ಲಿ ಮಲಗಿಸಿ, ಕಡತವನ್ನು ಅಲ್ಲೇ ಬಿಟ್ಟು, ಬರಿಗೈಯಲ್ಲಿ ಹೊರಟಳು.

ವಾರ್ಡಿನಲ್ಲಿ ಸಂಜೆಯ ದೀಪ ಹಾಕಿದ್ದರು. ಭೇಟಿಗೆ ಬಂದವರು ಆಗಷ್ಟೇ ಹೊರಟಿದ್ದರು. ದೂರದಿಂದಲೇ ಅವಳಿಗೆ ಕಂಡಿತು, ಕಂಡಕ್ಟರ್ ಮಂಚದ ಮೇಲೆ ನೆಟ್ಟಗೆ ಕೂತು ಮಗುವನ್ನು ಎರಡೂ ಕೈಯಲ್ಲಿ, ತುಂಬಿದ ಪಾತ್ರೆಯ ಹಾಗೆ, ಮೈಗೆ ತಗುಲದಂತೆ ಹಿಡಿದುಕೊಂಡಿದ್ದಳು. ಆಗಿಹೋಗಿತ್ತು. ಮಗು ಅತ್ತು ಅತ್ತು ದನಿ ಕಳೆದುಕೊಂಡು ಈಗ ಬಿಕ್ಕುತ್ತ ಮಾತ್ರ ಇತ್ತು. ತಡವಾಗಿ ಬಂದದ್ದರಿಂದ ಒಳಗೆಲ್ಲೋ ಒಂದು ನೆಮ್ಮದಿ ಸುಳಿದದ್ದನ್ನು ಅವಳು ಗಮನಿಸಿದಳು. ಇನ್ನು ಹೇಳಿ ಏನೂ ಬದಲಾಗುವುದಿಲ್ಲ, ಹಾಗಾಗಿ ಹೇಳದಿದ್ದರೂ ಆಗುತ್ತದೆ ಎಂಬ ನೆಮ್ಮದಿ. ಬೆಳಗಿನಿಂದ ಮಾಡಿದ್ದೆಲ್ಲಕ್ಕಿಂತ ಇದೇ ಅವಳಿಗೆ ಹೆಚ್ಚು ಅಸಹ್ಯವಾಯಿತು. ಸಿಸ್ಟರ್ ಔಷಧದ ಟ್ರೇ ಹಿಡಿದು ಪಕ್ಕದ ಮಂಚದ ಬಳಿ ಇದ್ದಳು. ಬಂದ್ರಾ ಮೇಡಂ, ಈಯಮ್ಮನಿಗೆ ಸ್ವಲ್ಪ ಧೈರ್ಯ ಹೇಳಿ ಎಂದಳು. ಕಂಡಕ್ಟರ್ ತಲೆ ಎತ್ತಿ, ನಿಮ್ಮವನು ಎಷ್ಟು ಹೊತ್ತಿಗೆ ಸುಮ್ಮನಾದ, ನಿಜ ಹೇಳಿ ಎಂದು ಕೇಳಿದಳು.

“ಗೊತ್ತಿಲ್ಲ,” ಎಂದಳು ಅವಳು. “ನನ್ನ ಮಗನಿಗೆ ಮಾಡಿಸಿಲ್ಲ. ಬೆಳಗ್ಗೆ ಸುಳ್ಳು ಹೇಳಿದೆ.”

ದನಿ ತಗ್ಗಿಸಲಿಲ್ಲ. ಸಿಸ್ಟರ್ ಟ್ರೇ ಹಿಡಿದು ನಿಂತಲ್ಲೇ ನಿಂತಳು. ನಾಳೆ ಇದು ನಿರ್ದೇಶಕರ ಕೋಣೆಗೂ ಮಕ್ಕಳ ಡಾಕ್ಟರ ಕಿವಿಗೂ ಮುಟ್ಟುತ್ತದೆ. ಮುಟ್ಟಲಿ ಎಂದುಕೊಳ್ಳುವಷ್ಟು ಧೈರ್ಯವೇನೂ ಬರಲಿಲ್ಲ. ನಿಮ್ಮೆಜಮಾನ್ರು ಒಪ್ಪಿದ್ರು ಅಂದ್ರಲ್ಲ ಎಂದಳು ಕಂಡಕ್ಟರ್. ಅವರಿಲ್ಲ, ಮಗು ಹುಟ್ಟೋಕೆ ಮುಂಚೆ ಹೋದ್ರು ಎಂದು ಇವಳು ಹೇಳಿದಳು. ಎದುರಿನ ಮುಖ ಬದಲಾಗಲು ಶುರುವಾಯಿತು, ಎಲ್ಲ ಮುಖಗಳೂ ಆಗುವ ಹಾಗೆ ಹುಬ್ಬು ಸಡಿಲಿ ತುಟಿ ಬಿರಿಯಿತು. ಅರ್ಧಕ್ಕೆ ಬಂದು ನಿಂತಿತು. ಅಲ್ಲಿಂದ ಹಿಂದಕ್ಕೆ ಹೋಗಿ ಗಟ್ಟಿಯಾಯಿತು.

“ಈಗ ನಾನು ಅಯ್ಯೋ ಪಾಪ ಅನ್ಬೇಕಾ?”

“ಬೇಡ.”

“ಟಿಕೆಟ್ ತಗೊಳ್ದೆ ಕೂತೋರನ್ನ ಮುಖ ನೋಡಿ ಹಿಡೀತೀನಿ ನಾನು. ನಿಮ್ಮನ್ನ ಹಿಡೀಲಿಲ್ಲ ನೋಡಿ.” ಅವಳು ಮಗುವಿನ ಕಡೆ ನೋಡಿದಳು. ನೀವು ಮಾಡ್ಸಿಲ್ಲ ಅಂದಿದ್ರೂ ನಾನು ಮಾಡಿಸ್ತಿದ್ದೆನೋ ಏನೋ, ಅದು ಇನ್ನು ನನಗೆ ಯಾವತ್ತೂ ಗೊತ್ತಾಗಲ್ಲ ಎಂದಳು. ಅದನ್ನು ಸಿಟ್ಟಿನಿಂದ ಹೇಳಲಿಲ್ಲ, ಕಳೆದುಹೋದ ಯಾವುದೋ ಸಣ್ಣ ವಸ್ತುವಿನ ಬಗ್ಗೆ ಹೇಳುವ ಹಾಗೆ ಹೇಳಿದಳು. ಸಿಸ್ಟರ್ ಏನೋ ಸಮಾಧಾನ ಹೇಳಲು ಮುಂದೆ ಬಂದಾಗ ಕೈ ಅಡ್ಡ ಮಾಡಿದಳು. ಇವನ ಬಟ್ಟೆ ಒದ್ದೆಯಾಗಿದೆ, ಬಿಚ್ಚಿ ನೋಡೋಕೆ ನನ್ನ ಕೈಲಿ ಆಗ್ತಿಲ್ಲ, ಆವಾಗಿಂದ ಹೀಗೇ ಕೂತಿದ್ದೀನಿ ಎಂದಳು. ಸಿಸ್ಟರ್ ಟ್ರೇ ಕೆಳಗಿಟ್ಟಳು.

“ನೀವಲ್ಲ. ಇವರು ಬಿಚ್ಚಲಿ,” ಎಂದಳು ಕಂಡಕ್ಟರ್.

ಅವಳು ಕೈ ತೊಳೆದುಕೊಂಡು ಬಂದಳು. ಕಂಡಕ್ಟರ್ ಮಗುವನ್ನು ಹಾಸಿಗೆಯ ಮೇಲೆ ಮಲಗಿಸಿ, ಅದರ ಒಂದು ಮುಷ್ಟಿಯನ್ನು ತನ್ನ ಕೈಯೊಳಗೆ ಹಿಡಿದುಕೊಂಡು ಗೋಡೆಯ ಕಡೆ ಮುಖ ಮಾಡಿದಳು. ಸಿಸ್ಟರ್ ಗೋಡೆಯ ದೀಪವನ್ನು ಅತ್ತ ತಿರುಗಿಸಿದಳು, ಬೆಳಕು ಪೂರ್ತಿ ಮಗುವಿನ ಮೇಲೆ ಬಿತ್ತು. ಗಂಟನ್ನು ಬಿಚ್ಚುವಾಗ ಅವಳ ಬೆರಳು ಎರಡು ಸಲ ಜಾರಿತು. ಅಂಟಿಕೊಂಡ ಕಡೆ ಬಿಸಿನೀರಿನ ಹತ್ತಿ ಒತ್ತಿ ಹಿಡಿದು ಕಾದಳು. ಬಟ್ಟೆ ಬಂತು. ಮಗು ಕಾಲುಗಳನ್ನು ಹೊಟ್ಟೆಗೆ ಎಳೆದುಕೊಂಡು ಕೀರಲು ದನಿಯಲ್ಲಿ ಅತ್ತಿತು. ಅವಳ ಕಣ್ಣು ತಾನಾಗಿಯೇ ಕಿಟಕಿಯ ಕಡೆ ಹೊರಟಿತ್ತು. ಅವಳು ಅದನ್ನು ಎಳೆದು ತಂದಳು.

“ಹೇಗಿದೆ?” ಎಂದು ಗೋಡೆಯ ಕಡೆಯಿಂದ ಕೇಳಿಬಂತು. “ನೀವು ಬರೆದದ್ದು ಬೇಡ. ಕಂಡದ್ದು ಹೇಳಿ.”

“ಕೆಂಪಾಗಿದೆ. ಊದಿದೆ. ಬಟ್ಟೆಗೆ ಒಂದು ಕಡೆ ರಕ್ತ ಅಂಟಿದೆ, ಈಗ ಒಸರ್ತಾ ಇಲ್ಲ. ಕತ್ತರಿಸಿದ ಅಂಚು ಕಾಣ್ಸುತ್ತೆ. ತುಂಬಾ ನೋಯ್ತಿರಬೇಕು.”

“ಇನ್ನೂ?”

ಅವಳು ದೀಪವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಬಗ್ಗಿದಳು.